ಯುದ್ಧಕಾಲದಲ್ಲಿ ಊರು ಬಿಟ್ಟ ಮಕ್ಕಳು



ಯುದ್ಧದ ಚರಿತ್ರೆಯನ್ನು ಬರೆಯುವವರು ಹೆಚ್ಚಾಗಿ ಅರಸರ, ಸೇನಾಪತಿಗಳ, ಹಡಗುಗಳ, ಕೋಟೆಗಳ ಸಂಗತಿಯನ್ನೇ ಹೇಳುವರು. ಆದರೆ ಯುದ್ಧದ ಒಂದು ಪಾಲು ಹಳ್ಳಿಯ ಮನೆಗಳ ಚಾವಡಿಯಲ್ಲಿಯೂ ಅಡಿಗೆಯ ಕೋಣೆಯಲ್ಲಿಯೂ ನಡೆದದ್ದುಂಟು. ೧೯೩೯ರಿಂದ ೧೯೪೫ರ ವರೆಗೆ ನಡೆದ ಮಹಾಯುದ್ಧದಲ್ಲಿ ಪಟ್ಟಣಗಳ ಮೇಲೆ ಆಕಾಶದಿಂದ ಬಾಂಬು ಬೀಳುವದೆಂಬ ಭಯವಿದ್ದದರಿಂದ ಲಕ್ಷಾಂತರ ಮಕ್ಕಳನ್ನು ತಾಯಿತಂದೆಗಳಿಂದ ಅಗಲಿಸಿ ಹಳ್ಳಿಗಳಿಗೆ ಕಳುಹಿಸಿದರು. ಅವರನ್ನು ಮನೆಯೊಳಗೆ ಕರಕೊಂಡವರು ಮಂತ್ರಿಗಳಲ್ಲ, ಪಂಡಿತರಲ್ಲ. ಬೇಸಾಯದವರು, ದನ ಸಾಕುವವರು, ಸಣ್ಣ ಅಂಗಡಿಯವರು, ವಿಧವೆಯರು, ಕೂಲಿಯವರು. ಆ ಮಕ್ಕಳಿಗೆ ಏನಾಯಿತು, ಅವರನ್ನು ಇರಿಸಿಕೊಂಡ ಮನೆಯವರಿಗೆ ಏನಾಯಿತು ಎಂಬದನ್ನು ಈ ಪಾಠದಲ್ಲಿ ವಿಚಾರಿಸುವ.

ಪಂಜದ ಸುತ್ತಲಿನ ನಮ್ಮ ಮನೆಗಳಲ್ಲಿ ಪರರ ಮಗುವು ಹೊಸ ಸಂಗತಿಯಲ್ಲ. ಬೆಂಗಳೂರಿನಲ್ಲಿ ದುಡಿಯುವ ತಮ್ಮನ ಮಗುವೋ, ತೀರಿಹೋದ ಅಕ್ಕನ ಮಗುವೋ, ಶಾಲೆಗೆ ಹತ್ತಿರವಾಗುವದೆಂದು ಬಂದು ನಿಂತ ಬಂಧುವಿನ ಮಗುವೋ ಯಾವದಾದರೊಂದು ಕಾಲದಲ್ಲಿ ಇಲ್ಲದಿದ್ದ ಮನೆಯು ಅಪರೂಪ. ಆದಕಾರಣ ಈ ವಿಷಯದಲ್ಲಿ ಕಲಿಯತಕ್ಕದ್ದೇನೂ ಇಲ್ಲವೆಂದು ನೆನಸುವವರು ಬಹಳ ಮಂದಿ. ಉಂಡು ಉಟ್ಟರೆ ಮಗುವಿಗೆ ಸಾಕೆಂಬ ಮಾತನ್ನು ನಾವು ಮನೆಮನೆಗೆ ಹೋಗುವಾಗ ಎಷ್ಟೋ ಸಾರಿ ಕೇಳಿದ್ದೇವೆ. ಅದು ಸಾಕೋ ಸಾಲದೋ ಎಂಬದನ್ನು ಆ ಯುದ್ಧಕಾಲದಲ್ಲಿ ಪರೀಕ್ಷಿಸಿ ನೋಡಿದ ಹಾಗಾಯಿತು. ಬೇಕೆಂದು ಮಾಡಿದ ಪರೀಕ್ಷೆಯಲ್ಲವಾದರೂ ಅಷ್ಟು ದೊಡ್ಡ ಪರೀಕ್ಷೆಯು ಅದಕ್ಕೆ ಮುಂಚೆ ಎಲ್ಲಿಯೂ ನಡೆದಿರಲಿಲ್ಲ.

ಮೊದಲು ಹತ್ತಿರದ ಸಂಗತಿಯನ್ನು ಹೇಳುವ. ಆ ದಿನಗಳಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯು ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಓದಿಗೂ ಉದ್ಯೋಗಕ್ಕೂ ಹೋಟೆಲಿನ ಕೆಲಸಕ್ಕೂ ನಮ್ಮವರು ಆ ಪಟ್ಟಣಕ್ಕೆ ಹೋಗುತ್ತಿದ್ದರು. ೧೯೦೭ರಿಂದ ಮಂಗಳೂರಿಗೆ ಉಗಿಬಂಡಿ ಇದ್ದದರಿಂದ ದಾರಿಯೂ ಸುಲಭವಾಗಿತ್ತು. ಜಪಾನಿನವರು ೧೯೪೧ರ ದಶಂಬರದಲ್ಲಿ ಯುದ್ಧಕ್ಕಿಳಿದು ೧೯೪೨ರ ಫೆಬ್ರುವರಿ ೧೫ರಂದು ಸಿಂಗಾಪುರವನ್ನೂ ಮಾರ್ಚಿ ೮ರಂದು ರಂಗೂನನ್ನೂ ಹಿಡಿದರು. ರಂಗೂನಿನಲ್ಲಿ ಕ್ರಿಸ್ಮಸ್ ಹಬ್ಬಕ್ಕೆ ಎರಡು ದಿವಸ ಮುಂಚೆ ಬಾಂಬು ಬಿದ್ದಂದಿನಿಂದ ಅಲ್ಲಿದ್ದ ನಮ್ಮ ದೇಶದವರು ಲಕ್ಷಗಟ್ಟಲೆಯಾಗಿ ಹೊರಟು, ಕೆಲವರು ಹಡಗು ಹತ್ತಿ, ಕೆಲವರು ಕಾಡು ಮಲೆಗಳ ದಾರಿಯಲ್ಲಿ ನಡೆದು ಬಂದರು. ಜ್ವರದಿಂದಲೂ ಹಸಿವಿನಿಂದಲೂ ದಾರಿಯಲ್ಲಿ ಬಿದ್ದವರು ಅನೇಕ ಸಾವಿರ, ಅವರಲ್ಲಿ ಮಕ್ಕಳು ಬಹಳ. ಆಮೇಲೆ ಏಪ್ರಿಲ್ ೫ನೇ ತಾರೀಕು, ಪುನರುತ್ಥಾನದ ಹಬ್ಬದ ಆದಿತ್ಯವಾರದಲ್ಲಿ, ಜಪಾನಿನ ವಿಮಾನಗಳು ಕೊಲಂಬಿನ ಮೇಲೆ ಬಾಂಬು ಹಾಕಿದವು. ಮರುದಿನ ವಿಶಾಖಪಟ್ಟಣದಲ್ಲಿಯೂ ಕಾಕಿನಾಡದಲ್ಲಿಯೂ ಹಾಕಿದವು. ಮುಂದಿನದು ಮದ್ರಾಸೇ ಎಂದು ಎಲ್ಲರೂ ನೆನಸಿದರು.

ಪಟ್ಟಣದಲ್ಲಿ ಅಗತ್ಯವಾದ ಕೆಲಸವಿಲ್ಲದವರು ಹೊರಟು ಹೋಗುವದು ಒಳ್ಳೇದೆಂದು ಸರಕಾರವು ತಿಳಿಸಿತು. ತನ್ನ ಕಚೇರಿಗಳನ್ನು ಒಳನಾಡಿನ ಊರುಗಳಿಗೆ ಸಾಗಿಸಿತು. ಮೃಗಶಾಲೆಯ ಹುಲಿ ಸಿಂಹಗಳು ಬಾಂಬಿನಿಂದ ಗೂಡು ಒಡೆದರೆ ಬೀದಿಗೆ ಬಂದಾವೆಂದು ಅವುಗಳನ್ನು ಗುಂಡಿಟ್ಟು ಕೊಂದರು. ಜನರು ಉಗಿಬಂಡಿಯಲ್ಲಿ ಸಿಕ್ಕಿದ ಸ್ಥಳದಲ್ಲಿ ತುಂಬಿಕೊಂಡು, ಎತ್ತಿನ ಗಾಡಿಗಳಲ್ಲಿ ಪಾತ್ರೆ ಪಡಗಗಳನ್ನು ಹೇರಿಕೊಂಡು ಹೊರಟರು. ೧೯೧೪ರ ಸೆಪ್ಟೆಂಬರ್ ೨೨ರ ರಾತ್ರಿ ಎಮ್ಡನ್ ಎಂಬ ಜರ್ಮನ್ ಹಡಗು ಅದೇ ಪಟ್ಟಣದ ಎಣ್ಣೆಯ ತೊಟ್ಟಿಗಳನ್ನು ಸುಟ್ಟಾಗಲೂ ಜನರು ಓಡಿದ್ದರು. ಆದರೆ ಈ ಸಾರಿ ಓಡಿದವರ ಸಂಖ್ಯೆಯು ಅದಕ್ಕಿಂತ ಬಹಳ ಹೆಚ್ಚು. ಕಡೆಗೆ ಮದ್ರಾಸಿನ ಮೇಲೆ ಬಾಂಬು ಬಿದ್ದದ್ದು ೧೯೪೩ರ ಅಕ್ಟೋಬರದಲ್ಲಿ, ಒಂದೇ ರಾತ್ರಿ, ಒಂದೇ ವಿಮಾನದಿಂದ. ಅಷ್ಟರೊಳಗೆ ಓಡಿಹೋದವರಲ್ಲಿ ಹೆಚ್ಚಿನವರು ಹಿಂದೆ ಬಂದಿದ್ದರು.

ಇಲ್ಲಿ ಗಮನಿಸತಕ್ಕದ್ದು ಯಾವದಂದರೆ, ಮದ್ರಾಸಿನ ಮಕ್ಕಳು ತಾಯಿಯ ಸೆರಗು ಹಿಡುಕೊಂಡು ಹೋದರು. ಮಕ್ಕಳನ್ನು ಮಾತ್ರ ಬೇರೆ ಮಾಡಿ, ಉಪಾಧ್ಯಾಯರ ವಶಕ್ಕೆ ಒಪ್ಪಿಸಿ, ಗುರುತಿಲ್ಲದವರ ಮನೆಗೆ ಕಳುಹಿಸುವ ಏರ್ಪಾಡು ನಮ್ಮಲ್ಲಿ ನಡೆಯಲಿಲ್ಲ. ಅಜ್ಜಿಯ ಮನೆ, ಸೋದರಮಾವನ ಮನೆ, ದೊಡ್ಡಮ್ಮನ ಮನೆ ಎಂಬದು ನಮ್ಮ ದೇಶದಲ್ಲಿ ಸರಕಾರದ ಅಪ್ಪಣೆಯಿಲ್ಲದೆ ತೆರೆದಿರುವ ಛತ್ರವಾಗಿದೆ. ಆದರೆ ಊರಿನಲ್ಲಿ ಮನೆಯಿಲ್ಲದವನು, ಬಂಧುಗಳಿದ್ದರೂ ಅವರಿಗೆ ಅಕ್ಕಿಯಿಲ್ಲದವನು, ದಿನಗೂಲಿ ಬಿಟ್ಟರೆ ಆ ದಿನವೇ ಉಪವಾಸ ಬೀಳುವವನು ಎಲ್ಲಿಗೆ ಹೋಗುವನು? ನೆಂಟರ ಮೇಲೆ ನಿಂತ ಏರ್ಪಾಡು ನೆಂಟರುಳ್ಳವರಿಗೆ ಮಾತ್ರ ಆಗುವದು. ಇದನ್ನು ಮರೆತು ನಮ್ಮ ಪದ್ಧತಿಯೇ ಶ್ರೇಷ್ಠವೆಂದು ಹೊಗಳಿಕೊಳ್ಳುವದು ನ್ಯಾಯವಲ್ಲ.

ಬ್ರಿಟನ್ ದೇಶದವರು ಬೇರೆ ದಾರಿ ಹಿಡಿದರು. ಯುದ್ಧಕ್ಕೆ ಒಂದು ವರುಷ ಮುಂಚೆ, ೧೯೩೮ರಲ್ಲಿಯೇ, ಅಲ್ಲಿ ಒಂದು ಸಮಿತಿಯು ಕೂತು ಯೋಚಿಸಿತು. ಅದರ ಅಧ್ಯಕ್ಷರು ೧೯೩೨ರಿಂದ ೧೯೩೭ರ ವರೆಗೆ ಬಂಗಾಳದ ಗವರ್ನರರಾಗಿದ್ದ ಸರ್ ಜಾನ್ ಆಂಡರ್ಸನ್ ಎಂಬವರು. ದೇಶವನ್ನು ಮೂರು ವಿಧವಾಗಿ ವಿಂಗಡಿಸಿದರು: ಮಕ್ಕಳನ್ನು ಹೊರಡಿಸತಕ್ಕ ಪಟ್ಟಣಗಳು, ಅವರನ್ನು ಇಳಿಸಿಕೊಳ್ಳತಕ್ಕ ಹಳ್ಳಿಗಳು, ಎರಡಕ್ಕೂ ಸೇರದ ಊರುಗಳು. ಹಳ್ಳಿಯ ಮನೆಗಳಲ್ಲಿ ಎಷ್ಟು ಕೋಣೆ, ಎಷ್ಟು ಜನ ಎಂದು ಲೆಕ್ಕ ತೆಗೆದುಕೊಂಡರು. ಸ್ಥಳವಿದ್ದವರು ಒಲ್ಲೆನೆಂದು ಹೇಳಕೂಡದು ಎಂಬ ಕಾಯಿದೆಯೂ ಇತ್ತು. ಮಗುವನ್ನು ಇರಿಸಿಕೊಂಡವರಿಗೆ ವಾರಕ್ಕೆ ಹತ್ತು ಶಿಲ್ಲಿಂಗ್ ಆರು ಪೆನ್ನಿ, ಒಂದಕ್ಕಿಂತ ಹೆಚ್ಚು ಮಕ್ಕಳಿದ್ದರೆ ತಲೆಗೆ ಎಂಟು ಶಿಲ್ಲಿಂಗ್ ಆರು ಪೆನ್ನಿ ಎಂದು ಗೊತ್ತುಮಾಡಿದರು.

೧೯೩೯ರ ಸೆಪ್ಟೆಂಬರ್ ೧ರ ಶುಕ್ರವಾರ ಬೆಳಿಗ್ಗೆ ಹೊರಡುವದು ಆರಂಭವಾಯಿತು. ಆದಿತ್ಯವಾರದಲ್ಲಿ ಯುದ್ಧವು ಸಾರಲ್ಪಟ್ಟಿತು. ಆ ಕೆಲವೇ ದಿವಸಗಳಲ್ಲಿ ಹತ್ತಿರ ಹತ್ತಿರ ೧೫ ಲಕ್ಷ ಮಂದಿ ಹಳ್ಳಿಗಳನ್ನು ಸೇರಿದರು. ಅವರಲ್ಲಿ ತಾಯಿತಂದೆಗಳಿಲ್ಲದೆ ಹೋದ ಶಾಲೆಯ ಮಕ್ಕಳು ೮ ಲಕ್ಷಕ್ಕಿಂತ ಹೆಚ್ಚು. ಚಿಕ್ಕ ಕೂಸುಗಳೂ ಅವುಗಳ ತಾಯಂದಿರೂ ೫ ಲಕ್ಷಕ್ಕಿಂತ ಹೆಚ್ಚು. ಪ್ರತಿ ಮಗುವಿನ ಅಂಗಿಗೆ ಹೆಸರು ಬರೆದ ಚೀಟಿಯನ್ನು ಕಟ್ಟಿದ್ದರು. ಕೊರಳಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಅದರೊಳಗೆ ವಿಷದ ಹೊಗೆಯಿಂದ ಕಾಪಾಡುವ ಮುಖವಾಡ. ಕೈಯಲ್ಲಿ ಬಟ್ಟೆಯ ಗಂಟು. ಎಲ್ಲಿಗೆ ಹೋಗುವದೆಂದು ಮಕ್ಕಳಿಗೂ ಗೊತ್ತಿರಲಿಲ್ಲ, ಕಳುಹಿಸಿದ ತಾಯಂದಿರಿಗೂ ಗೊತ್ತಿರಲಿಲ್ಲ. ಮುಟ್ಟಿದ ಮೇಲೆ ಹೊಸ ಮನೆಯ ವಿಳಾಸವನ್ನು ಬರೆದು ಹಾಕುವದಕ್ಕೆ ಒಂದು ಕಾರ್ಡನ್ನು ಕೊಟ್ಟಿದ್ದರು. ಆ ಕಾರ್ಡು ಮನೆಗೆ ಬರುವ ತನಕ ತಾಯಂದಿರು ಟಪ್ಪಾಲಿನವನ ದಾರಿ ಕಾಯುತ್ತಿದ್ದರು.

ಉಗಿಬಂಡಿಗಳನ್ನು ಹೊರಡಿಸುವ ಲೆಕ್ಕವೆಲ್ಲಾ ಬಹು ಚೆನ್ನಾಗಿ ನಡೆಯಿತು. ಸಾಗಿಸುವದನ್ನು ಯೋಚಿಸಿದಷ್ಟು ಇಳಿಸುವದನ್ನು ಯೋಚಿಸಿರಲಿಲ್ಲ. ದಣಿದು, ಹಸಿದು, ಹೊಲಸಾಗಿ ಬಂದ ಮಕ್ಕಳನ್ನು ಅನೇಕ ಊರುಗಳಲ್ಲಿ ಶಾಲೆಯ ಅಥವಾ ದೇವಾಲಯದ ಸಭಾಶಾಲೆಯೊಳಗೆ ಸಾಲಾಗಿ ನಿಲ್ಲಿಸಿ, ಊರಿನವರನ್ನು ಕರೆದು, ಬೇಕಾದವರನ್ನು ಆರಿಸಿಕೊಳ್ಳಿರೆಂದು ಬಿಟ್ಟರು. ಹಿಂದೆ ಕುಳ್ಕುಂದದ ದನದ ಜಾತ್ರೆಯಲ್ಲಿ ಹೋರಿಯ ಹಲ್ಲನ್ನೂ ಭುಜವನ್ನೂ ನೋಡಿದ ಹಾಗೆಯೇ ನೋಡಿದರು. ಹೊಲದ ಕೆಲಸಕ್ಕಾಗುವನೆಂದು ಗಟ್ಟಿಯಾದ ಹುಡುಗನನ್ನು ಬೇಸಾಯಗಾರನು ಕರಕೊಂಡು ಹೋದನು. ಪಾತ್ರೆ ತೊಳೆಯುವಳೆಂದು ಹತ್ತು ಹನ್ನೆರಡು ವರುಷದ ಹುಡುಗಿಯನ್ನು ಮನೆಯಾಕೆ ಕರಕೊಂಡು ಹೋದಳು. ಮುದ್ದಾದ, ಶುಭ್ರವಾದ ಕೂಸುಗಳೂ ಬೇಗನೆ ಹೋದವು. ಸಪ್ಪಗಿನ ಮುಖದವರು, ಹರಕು ಅಂಗಿಯವರು, ಒಬ್ಬರ ಕೈಯನ್ನೊಬ್ಬರು ಬಿಡಲಾರೆವೆಂದು ನಿಂತ ಅಣ್ಣತಂಗಿಯರು ಕಡೆಗೆ ಉಳಿದರು. ಆ ಮಕ್ಕಳು ಮುದುಕರಾದ ಮೇಲೆ ಬರೆದಿಟ್ಟ ನೆನಪುಗಳಲ್ಲಿ ಈ ಒಂದು ಗಳಿಗೆಯು ಪುನಃ ಪುನಃ ಬರುವದು. ಬಾಂಬಿನ ಶಬ್ದವನ್ನು ಮರೆತವರೂ, ತನ್ನನ್ನು ಯಾರೂ ಆರಿಸಲಿಲ್ಲವೆಂಬದನ್ನು ಅರುವತ್ತು ಎಪ್ಪತ್ತು ವರುಷವಾದರೂ ಮರೆಯಲಿಲ್ಲ. ಇದಕ್ಕೆ ಒಂದು ಕಾಸಿನ ವೆಚ್ಚವೂ ಇಲ್ಲದೆ ಉಪಾಯವಿತ್ತು. ಯಾವ ಮಗು ಯಾವ ಮನೆಗೆಂದು ಮುಂಚಿತವಾಗಿ ಬರೆದಿಟ್ಟು ಹೆಸರು ಕೂಗಿದರೆ ಸಾಕಾಗಿತ್ತು. ಕೆಲವು ಊರುಗಳಲ್ಲಿ ಹಾಗೆ ಮಾಡಿದ್ದೂ ಉಂಟು.

ಮನೆಯೊಳಗೆ ಬಂದ ಮೇಲೆ ಎರಡು ಕಡೆಯವರಿಗೂ ಆಶ್ಚರ್ಯ. ಹಾಲು ಸೀಸೆಯಿಂದಲ್ಲ, ಹಸುವಿನ ಕೆಚ್ಚಲಿನಿಂದ ಬರುವದೆಂದು ಅಲ್ಲಿ ಮೊದಲು ತಿಳುಕೊಂಡ ಮಕ್ಕಳಿದ್ದರು. ರಾತ್ರಿ ದೀಪವಿಲ್ಲದ ಹಳ್ಳಿಯ ಕತ್ತಲೆಗೆ ಹೆದರಿದವರಿದ್ದರು. ಮನೆಯವರಾದರೋ ಮಕ್ಕಳ ತಲೆಯಲ್ಲಿ ಹೇನು, ಮೈಯಲ್ಲಿ ಕಜ್ಜಿ, ಕಾಲಲ್ಲಿ ತೂತು ಬಿದ್ದ ಪಾದರಕ್ಷೆ ಇವುಗಳನ್ನು ಕಂಡು, ಪಟ್ಟಣದ ತಾಯಂದಿರು ಇಷ್ಟು ಮೈಗಳ್ಳರೋ ಎಂದು ಜರೆದರು. ಮೈಗಳ್ಳತನವಲ್ಲ, ಬಡತನವೇ ಹೆಚ್ಚಾಗಿ ಅದಕ್ಕೆ ಕಾರಣವೆಂಬದು ಆ ಮೇಲೆ ತಿಳಿದುಬಂತು. ಒಂದೇ ಕೋಣೆಯಲ್ಲಿ ಎಂಟು ಮಂದಿ ಮಲಗುವ, ಒಂದು ನಲ್ಲಿಗೆ ಹತ್ತು ಮನೆಯವರು ಸಾಲು ನಿಲ್ಲುವ ಬೀದಿಗಳಿಂದ ಬಂದವರು ಅವರು. ಇಂಥ ದರಿದ್ರತನವು ತಮ್ಮ ದೇಶದಲ್ಲಿ ಇದೆಯೆಂದು ಅದುವರೆಗೆ ಅರಿಯದಿದ್ದ ಅನುಕೂಲಸ್ಥರು ಆಗ ಅದನ್ನು ತಮ್ಮ ಅಡಿಗೆಮನೆಯಲ್ಲಿಯೇ ಕಂಡರು. ಮಕ್ಕಳಿರುವ ಕುಟುಂಬಗಳಿಗೆ ಸರಕಾರದಿಂದ ವಾರವಾರ ಹಣ ಕೊಡುವ ಕಾಯಿದೆಯು ೧೯೪೫ರಲ್ಲಿ ಆದದ್ದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಈ ಕಣ್ಣಾರೆ ಕಂಡದ್ದೂ ಒಂದು.

ಎಲ್ಲಾ ದೂರುಗಳಿಗಿಂತ ದೊಡ್ಡ ದೂರು ಯಾವದೆಂದು ಕೇಳಿದರೆ ವಾಚಕರು ನಗಬಹುದು: ಹಾಸಿಗೆಯಲ್ಲಿ ಮೂತ್ರ ಮಾಡುವದು. ಏಳೆಂಟು ವರುಷದ ಮಕ್ಕಳೂ ರಾತ್ರಿ ಹಾಸಿಗೆ ನೆನೆಸಿದರು. ಮಳೆಗಾಲದಲ್ಲಿ ಹಾಸಿಗೆ ಒಣಗಿಸುವ ಕಷ್ಟವನ್ನು ಬಲ್ಲ ನಮ್ಮ ಹೆಂಗಸರಿಗೆ ಆ ಮನೆಯವರ ಕೋಪವು ಅರ್ಥವಾದೀತು. ಕೆಲವು ಮನೆಗಳಲ್ಲಿ ಬೈದರು, ಕೆಲವು ಮನೆಗಳಲ್ಲಿ ಹೊಡೆದರು, ಸಂಜೆಯ ಮೇಲೆ ನೀರು ಕೊಡದೆ ಇಟ್ಟವರೂ ಉಂಟು. ಹೊಡೆದಷ್ಟೂ ಅದು ಹೆಚ್ಚಾಯಿತು. ವೈದ್ಯರು ವಿಚಾರಿಸಿದಾಗ ತಿಳಿದದ್ದೇನಂದರೆ, ಈ ಮಕ್ಕಳಲ್ಲಿ ಬಹಳ ಮಂದಿಗೆ ತಮ್ಮ ಮನೆಯಲ್ಲಿ ಆ ರೋಗವಿರಲಿಲ್ಲ. ಅದು ಹೆದರಿಕೆಯಿಂದಲೂ ಅಗಲಿಕೆಯಿಂದಲೂ ಬಂದದ್ದು. ಮಗುವು ಹಗಲಲ್ಲಿ ಅಳದೆ ಸುಮ್ಮನಿದ್ದು ರಾತ್ರಿ ನಿದ್ರೆಯಲ್ಲಿ ತನ್ನ ದುಃಖವನ್ನು ಹೀಗೆ ಹೇಳುವದು. ಮನೆಯು ತನ್ನದೆಂದು ಅನಿಸಿದ ಮೇಲೆ ಹೆಚ್ಚಿನವರಲ್ಲಿ ಅದು ತಾನಾಗಿ ನಿಂತಿತು. ಈ ಒಂದು ಮಾತನ್ನು ನಮ್ಮ ಮನೆಗಳಲ್ಲಿ ಹೊಸ ಮಗುವನ್ನು ಇರಿಸಿಕೊಂಡವರೆಲ್ಲರೂ ನೆನಪಿನಲ್ಲಿಟ್ಟುಕೊಂಡರೆ ಎಷ್ಟೋ ಬೆತ್ತದ ಪೆಟ್ಟುಗಳು ಉಳಿದಾವು.

ಹೀಗಿರಲಾಗಿ ತಿಂಗಳುಗಳು ಕಳೆದರೂ ಬಾಂಬು ಬೀಳಲಿಲ್ಲ. ೧೯೪೦ರ ಜನವರಿಯೊಳಗೆ ಒಂಟಿಯಾಗಿ ಹೋದ ಶಾಲೆಯ ಮಕ್ಕಳಲ್ಲಿ ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಹಿಂದೆ ಬಂದಿದ್ದರು. ಕೂಸುಗಳೊಂದಿಗೆ ಹೋದ ತಾಯಂದಿರಲ್ಲಿ ಬಹುತೇಕ ಎಲ್ಲರೂ ಬಂದಿದ್ದರು. ಪರರ ಒಲೆಯ ಮುಂದೆ ಇಬ್ಬರು ಹೆಂಗಸರಿಗೆ ಸ್ಥಳ ಸಾಲದೆಂಬದು ಆ ದೇಶದಲ್ಲಿಯೂ ನಿಜ. ಆ ಮೇಲೆ ೧೯೪೦ರ ಸೆಪ್ಟೆಂಬರ್ ೭ರಂದು ಲಂಡನಿನ ಮೇಲೆ ನಿಜವಾಗಿ ಬಾಂಬುಗಳು ಬಿದ್ದು, ರಾತ್ರಿ ರಾತ್ರಿಯೂ ಬೀಳುತ್ತಾ ಬಂದವು. ಮಕ್ಕಳು ತಿರಿಗಿ ಹೊರಟರು. ೧೯೪೪ರ ಜೂನಿನಲ್ಲಿ ಮನುಷ್ಯನಿಲ್ಲದೆ ಹಾರುವ ಬಾಂಬುಗಳು ಬಂದಾಗ ಮೂರನೆಯ ಸಾರಿ. ಆ ದೇಶದಲ್ಲಿ ವಿಮಾನಗಳ ಬಾಂಬುಗಳಿಂದ ಸತ್ತ ಮಕ್ಕಳು ಏಳು ಸಾವಿರಕ್ಕಿಂತ ಹೆಚ್ಚು. ಆದದರಿಂದ ಮಕ್ಕಳನ್ನು ಕಳುಹಿಸಿದ್ದು ಬುದ್ಧಿಹೀನತೆಯೆಂದು ಯಾರೂ ಹೇಳಲಾರರು.

ಕಳುಹಿಸಿದ್ದರಲ್ಲಿಯೇ ಅಪಾಯ ಬಂದದ್ದೂ ಉಂಟು. ೧೯೪೦ರಲ್ಲಿ ಕೆಲವು ಮಕ್ಕಳನ್ನು ಹಡಗಿನಲ್ಲಿ ಕೆನಡಾ, ಆಸ್ಟ್ರೇಲಿಯಾ ಮುಂತಾದ ದೇಶಗಳಿಗೆ ಕಳುಹಿಸಿದರು. ನಮ್ಮ ಕಾಶಿಯ ಹೆಸರುಳ್ಳ ಸಿಟಿ ಆಫ್ ಬೆನಾರೆಸ್ ಎಂಬ ಹಡಗು ಆ ಸೆಪ್ಟೆಂಬರ್ ೧೭ರ ರಾತ್ರಿ ಅಟ್ಲಾಂಟಿಕ್ ಸಮುದ್ರದಲ್ಲಿ ಜರ್ಮನ್ ಜಲಾಂತರ್ಗಾಮಿ ನಾವೆಯ ಏಟಿನಿಂದ ಮುಳುಗಿತು. ಸರಕಾರವು ಕಳುಹಿಸಿದ ೯೦ ಮಕ್ಕಳು ಅದರಲ್ಲಿದ್ದರು. ೭೭ ಮಕ್ಕಳು ಸತ್ತರು. ಹಡಗಿನ ಖಲಾಸಿಗಳು ಹೆಚ್ಚಾಗಿ ನಮ್ಮ ದೇಶದವರು. ಅವರಲ್ಲಿಯೂ ಬಹಳ ಮಂದಿ ಚಳಿಯ ನೀರಿನಲ್ಲಿ ಪ್ರಾಣ ಬಿಟ್ಟರು. ಒಂದು ದೋಣಿಯು ಎಂಟು ದಿವಸ ಸಮುದ್ರದಲ್ಲಿ ತೇಲಿತು. ಅದರಲ್ಲಿ ಆರು ಮಂದಿ ಹುಡುಗರು, ಮೇರಿ ಕಾರ್ನಿಶ್ ಎಂಬ ಸಂಗೀತದ ಉಪಾಧ್ಯಾಯಿನಿ, ಇನ್ನು ಕೆಲವರು, ಉಳಿದವರೆಲ್ಲಾ ನಮ್ಮ ಖಲಾಸಿಗಳು. ಆಕೆಯು ಆ ಹುಡುಗರ ಕೈಕಾಲುಗಳನ್ನು ಉಜ್ಜುತ್ತಾ, ದಿನದಿನವೂ ಕಥೆಯನ್ನು ಕಟ್ಟಿ ಹೇಳುತ್ತಾ, ಮುಂದೇನಾಯಿತೆಂದು ಅವರು ಕೇಳುವ ಹಾಗೆ ನಿಲ್ಲಿಸುತ್ತಾ ಬಂದರು. ಎಂಟನೆಯ ದಿವಸ ಒಂದು ವಿಮಾನದವರು ದೋಣಿಯನ್ನು ಕಂಡರು. ಆರು ಮಂದಿ ಹುಡುಗರೂ ಬದುಕಿದರು. ಇದಾದ ಮೇಲೆ ಸರಕಾರವು ಮಕ್ಕಳನ್ನು ಸಮುದ್ರದಾಚೆಗೆ ಕಳುಹಿಸುವದನ್ನು ನಿಲ್ಲಿಸಿತು.

ಈಗ ಪಂಡಿತರು ಕಂಡುಕೊಂಡದ್ದಕ್ಕೆ ಬರುವ. ೧೯೩೯ರ ದಶಂಬರದಲ್ಲಿಯೇ ಜಾನ್ ಬೋಲ್ಬಿ, ಡೊನಾಲ್ಡ್ ವಿನಿಕಾಟ್, ಇಮ್ಯಾನುಯೆಲ್ ಮಿಲ್ಲರ್ ಎಂಬ ಮೂವರು ವೈದ್ಯರು ವೈದ್ಯಪತ್ರಿಕೆಯೊಂದಕ್ಕೆ ಕಾಗದ ಬರೆದು, ಎರಡರಿಂದ ಐದು ವರುಷದ ಮಕ್ಕಳನ್ನು ತಾಯಿಯಿಂದ ಅಗಲಿಸುವದು ಅಪಾಯಕರವೆಂದು ಎಚ್ಚರಿಸಿದರು. ಸೂಸನ್ ಐಸಾಕ್ಸ್ ಎಂಬವರೂ ಅವರ ಸಂಗಡಿಗರೂ ಲಂಡನಿನಿಂದ ಕೇಂಬ್ರಿಜ್ ಊರಿಗೆ ಬಂದ ಶಾಲೆಯ ಮಕ್ಕಳನ್ನು ವಿಚಾರಿಸಿ ೧೯೪೧ರಲ್ಲಿ ಒಂದು ಪುಸ್ತಕವನ್ನು ಹೊರಡಿಸಿದರು. ಅವರು ಮಾಡಿದ ಒಂದು ಸರಳ ಕೆಲಸವು ನಮಗೆ ಬಹಳ ಮೆಚ್ಚಿಕೆಯಾಗಿದೆ: ಇಲ್ಲಿ ನಿನಗೆ ಇಷ್ಟವಾದದ್ದೇನು, ಇಲ್ಲಿ ನಿನಗೆ ಇಲ್ಲವೆಂದು ತೋರುವದೇನು ಎಂದು ಮಕ್ಕಳಿಂದಲೇ ಬರೆಸಿದರು. ಮಕ್ಕಳು ಹೊಳೆ, ಮರ, ಬಯಲುಗಳನ್ನು ಮೆಚ್ಚಿ ಬರೆದರು. ಇಲ್ಲದ್ದು ಯಾವದೆಂಬದಕ್ಕೆ ತಾಯಿತಂದೆಗಳನ್ನೂ ಮನೆಯವರನ್ನೂ ಬರೆದರು. ಅಣ್ಣತಂಗಿಯರನ್ನು ಒಂದೇ ಮನೆಯಲ್ಲಿಟ್ಟರೆ, ಶಾಲೆಯ ಸ್ನೇಹಿತರನ್ನು ಹತ್ತಿರವಿಟ್ಟರೆ ಮಕ್ಕಳು ನೆಲೆಗೊಳ್ಳುವರೆಂದು ಆ ವಿಚಾರಣೆಯಿಂದ ತೋರಿಬಂತು.

ಅನ್ನಾ ಫ್ರಾಯ್ಡ್ ಎಂಬವರು ೧೯೩೮ರಲ್ಲಿ ತಾವೇ ವಿಯೆನ್ನಾ ಪಟ್ಟಣದಿಂದ ಲಂಡನಿಗೆ ಓಡಿಬಂದವರು. ಅವರು ಡೊರೊಥಿ ಬರ್ಲಿಂಗ್‌ಹ್ಯಾಮ್ ಎಂಬವರ ಕೂಡ ಹಾಂಪ್‌ಸ್ಟೆಡ್ ಎಂಬಲ್ಲಿ ಯುದ್ಧಕಾಲದ ಶಿಶುಗೃಹಗಳನ್ನು ನಡಿಸಿದರು. ಅವರು ಕಂಡದ್ದೇನಂದರೆ, ತಾಯಿಯ ಮಗ್ಗುಲಲ್ಲಿ ಮಲಗಿದ ಕೂಸು ಬಾಂಬಿನ ಶಬ್ದವನ್ನು ತಡೆಯುವದು, ತಾಯಿಯು ಹೆದರದಿದ್ದರೆ ಅದೂ ಹೆದರದು. ಆದರೆ ಒಮ್ಮೆಗೇ ತಾ���ಿಯು ಕಾಣದೆ ಹೋದರೆ, ಬಾಂಬು ಬೀಳದ ಊರಿನಲ್ಲಿಯೂ ಆ ಕೂಸು ಸೊರಗುವದು. ಮೊದಲು ದೊಡ್ಡ ಗುಂಪಿನಲ್ಲಿ ಎಲ್ಲಾ ದಾದಿಯರೂ ಎಲ್ಲಾ ಮಕ್ಕಳನ್ನು ನೋಡುತ್ತಿದ್ದರು. ಆಮೇಲೆ ನಾಲ್ಕೈದು ಮಕ್ಕಳಿಗೆ ಒಬ್ಬಾಕೆಯಂತೆ ಚಿಕ್ಕ ಚಿಕ್ಕ ಕುಟುಂಬಗಳನ್ನಾಗಿ ಮಾಡಿದರು. ಕೂಡಲೇ ಮನೆಯಲ್ಲಿ ಜಗಳವೂ ಅಳುವೂ ಹೊಟ್ಟೆಕಿಚ್ಚೂ ಎದ್ದವು. ಯಾಕಂದರೆ ಈಗ ಪ್ರತಿ ಮಗುವಿಗೂ ನನ್ನವಳೆಂದು ಹೇಳುವದಕ್ಕೆ ಒಬ್ಬಳಿದ್ದಳು. ಆದರೆ ಮಾತು ಕಲಿಯದವು ಬೇಗನೆ ಕಲಿತವು, ಸೊರಗಿದವು ಚಿಗುರಿದವು. ಗಲಾಟೆ ಮಾಡದ ಮಗುವೇ ಒಳ್ಳೇ ಮಗುವೆಂದು ನೆನಸುವವರು ಇದನ್ನು ಎರಡು ಸಾರಿ ಓದಬೇಕು.

ಫಿನ್ಲೆಂಡ್ ದೇಶದವರು ಆ ಯುದ್ಧದಲ್ಲಿ ಸುಮಾರು ೭೦,೦೦೦ ಮಕ್ಕಳನ್ನು ಹೆಚ್ಚಾಗಿ ಸ್ವೀಡನ್ ದೇಶದ ಮನೆಗಳಿಗೆ ಕಳುಹಿಸಿದರು. ಚೆನ್ನಾಗಿ ಸಾಕಿದರು, ಅದರಲ್ಲಿ ಸಂದೇಹವಿಲ್ಲ. ಆದರೆ ಚಿಕ್ಕವರು ತಮ್ಮ ಭಾಷೆಯನ್ನು ಮರೆತುಬಿಟ್ಟರು. ಹಿಂದೆ ಬಂದಾಗ ತಾಯಿಯು ಆಡುವದು ಮಗುವಿಗೆ ತಿಳಿಯದು, ಮಗುವು ಆಡುವದು ತಾಯಿಗೆ ತಿಳಿಯದು. ಸಾವಿರಾರು ಮಕ್ಕಳು ಹಿಂದೆ ಬರಲೇ ಇಲ್ಲ.

ನಮ್ಮ ಸಭೆಗಳ ಚರಿತ್ರೆಯಲ್ಲಿಯೂ ಇದಕ್ಕೆ ಸಮೀಪವಾದ ಒಂದು ಸಂಗತಿಯಿದೆ, ಅದು ಯುದ್ಧದಿಂದಾದದ್ದಲ್ಲ. ಬಾಸೆಲ್ ಮಿಶನಿನವರು ಮಂಗಳೂರು, ಧಾರವಾಡ ಮುಂತಾದ ಕಡೆಗಳಲ್ಲಿ ಕೆಲಸ ಮಾಡುವ ಮಿಶನೆರಿಗಳ ಮಕ್ಕಳಿಗಾಗಿ ೧೮೫೩ರಲ್ಲಿ ಬಾಸೆಲ್ ಪಟ್ಟಣದಲ್ಲಿ ಒಂದು ಮನೆಯನ್ನು ತೆರೆದರು. ಇಲ್ಲಿ ಹುಟ್ಟಿದ ಮಕ್ಕಳು ಓದುವ ಪ್ರಾಯಕ್ಕೆ ಬಂದಾಗ ಅಲ್ಲಿಗೆ ಹೋದರು. ತಾಯಿತಂದೆಗಳು ಇಲ್ಲಿಯೇ ಉಳಿದರು. ಹೆರ್ಮನ್ ಗುಂಡರ್ಟ್ ಪಂಡಿತರ ಮಗಳು ಮರೀಯೆ ೧೮೪೨ರಲ್ಲಿ ತಲಶೇರಿಯಲ್ಲಿ ಹುಟ್ಟಿ, ಎಳೆಯ ಪ್ರಾಯದಲ್ಲಿಯೇ ಯುರೋಪಿನಲ್ಲಿ ಬಿಡಲ್ಪಟ್ಟು, ತಂದೆತಾಯಿಗಳ ಬಳಿಗೆ ತಿರಿಗಿ ಬಂದದ್ದು ಹದಿನೈದನೆಯ ವರುಷದಲ್ಲಿ. ಹೆಸರಾದ ಗ್ರಂಥಕಾರ ಹೆರ್ಮನ್ ಹೆಸ್ಸೆ ಈಕೆಯ ಮಗನು. ನಮ್ಮ ಊರುಗಳ ಮಕ್ಕಳಿಗೆ ಅಕ್ಷರ ಕಲಿಸಿದವರು ತಮ್ಮ ಮಕ್ಕಳಿಗೆ ಕಾಗದ ಮಾತ್ರ ಬರೆದರು; ಒಂದು ಕಾಗದವು ಮುಟ್ಟುವದಕ್ಕೆ ವಾರಗಳೋ ತಿಂಗಳುಗಳೋ ಬೇಕಾಗಿದ್ದವು. ಅವರ ಸೇವೆಯನ್ನು ಹೊಗಳುವಾಗ ಆ ಮಕ್ಕಳು ಕೊಟ್ಟ ಬೆಲೆಯನ್ನು ನಾವು ಲೆಕ್ಕಕ್ಕೆ ತರುವದು ಕಡಿಮೆ.

ಮಕ್ಕಳನ್ನು ಇಳಿಸಿಕೊಳ್ಳುವ ಬೇರೊಂದು ವಿಧವು ನಮ್ಮ ಕನ್ನಡ ಸೀಮೆಯ ಗಡಿಯಲ್ಲಿಯೇ, ನಿಪ್ಪಾಣಿಯಿಂದಾಚೆ, ಕೊಲ್ಲಾಪುರದ ಬಳಿಯ ವಳಿವಡೆ ಎಂಬ ಗ್ರಾಮದಲ್ಲಿ ನಡೆಯಿತು. ರಶ್ಯದವರು ೧೯೪೦-೪೧ರಲ್ಲಿ ಪೋಲೆಂಡಿನ ಪೂರ್ವಭಾಗದಿಂದ ಅನೇಕ ಲಕ್ಷ ಜನರನ್ನು ಸೈಬೀರಿಯ, ಕಜಕಸ್ತಾನಗಳಿಗೆ ಸಾಗಿಸಿದ್ದರು. ಅವರಲ್ಲಿ ಬಿಡುಗಡೆಯಾಗಿ ಇರಾನಿನ ದಾರಿಯಿಂದ ಬಂದ ಹೆಂಗಸರಿಗೂ ಮಕ್ಕಳಿಗೂ ೧೯೪೩ರಲ್ಲಿ ವಳಿವಡೆಯಲ್ಲಿ ಒಂದು ಬಿಡಾರವನ್ನು ಕಟ್ಟಿದರು. ಸುಮಾರು ೫,೦೦೦ ಮಂದಿ ಅಲ್ಲಿ ಇದ್ದರು. ಗುಜರಾತಿನ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜೀ ಎಂಬ ಅರಸರು ೧೯೪೨ರಲ್ಲಿಯೇ ತಮ್ಮ ಬಾಲಾಚಡಿಯಲ್ಲಿ ಇಂಥ ನೂರಾರು ಮಕ್ಕಳಿಗೆ ಸ್ಥಳ ಕೊಟ್ಟಿದ್ದರು. ಆ ಮಕ್ಕಳು ಅವರನ್ನು ಬಾಪು ಎಂದು ಕರೆಯುತ್ತಿದ್ದರು. ವಾರ್ಸಾ ಪಟ್ಟಣದಲ್ಲಿ ಈಗ ಅವರ ನೆನಪಿಗಾಗಿ ಒಂದು ಚೌಕವಿದೆ. ಆ ಬಿಡಾರವು ಮುಚ್ಚಿದ ಮೇಲೆ ಉಳಿದ ಮಕ್ಕಳೂ ವಳಿವಡೆಗೆ ಬಂದರು.

ವಳಿವಡೆಯಲ್ಲಿ ಮಕ್ಕಳನ್ನು ಮನೆಮನೆಗೆ ಹಂಚಲಿಲ್ಲ. ತಾಯಿಯುಳ್ಳವರು ತಾಯಿಯ ಸಂಗಡ ಇದ್ದರು. ಅನಾಥರು ಒಟ್ಟಾಗಿ ಇದ್ದರು. ಅವರ ಭಾಷೆಯ ಶಾಲೆ, ಅವರ ಮತದ ದೇವಾಲಯ, ಅವರ ಹಬ್ಬ, ಅವರ ಹಾಡು ಎಲ್ಲವೂ ಇತ್ತು. ೧೯೪೮ರಲ್ಲಿ ಬಿಡಾರವು ಮುಚ್ಚಿತು. ಅವರು ಇಂಗ್ಲೆಂಡ್ ಮುಂತಾದ ದೇಶಗಳಿಗೆ ಚದರಿಹೋದರು. ಆ ಮಕ್ಕಳು ಅಜ್ಜ ಅಜ್ಜಿಯರಾದ ಮೇಲೆಯೂ ಕೊಲ್ಲಾಪುರವನ್ನು ನೋಡುವದಕ್ಕೆ ಬಂದಿದ್ದಾರೆ. ಇವರು ಅನುಭವಿಸಿದ ಕಷ್ಟವು ಲಂಡನಿನ ಮಕ್ಕಳ ಕಷ್ಟಕ್ಕಿಂತ ನೂರು ಪಾಲು ದೊಡ್ಡದು. ಹಾಗಿದ್ದರೂ ಬಿಡಾರದ ವರುಷಗಳನ್ನು ಸಂತೋಷದ ವರುಷಗಳಾಗಿ ನೆನಸುವವರು ಅವರಲ್ಲಿ ಬಹಳ. ಆಹಾರದಿಂದ ಮಾತ್ರ ಹಾಗಾಯಿತೆಂದು ನಮಗೆ ತೋರುವದಿಲ್ಲ.

ನಮ್ಮ ಕಡೆಗೆ ಯುದ್ಧದ ಬಾಂಬು ಬರಲಿಲ್ಲ. ಆದರೆ ೨೦೨೦ರ ಮಾರ್ಚಿ ೨೫ರಿಂದ ದೇಶವನ್ನೆಲ್ಲಾ ಮುಚ್ಚಿದ ಕಾಲದಲ್ಲಿ ಬೆಂಗಳೂರು ಮುಂಬಯಿಗಳಿಂದ ಅನೇಕ ಕುಟುಂಬಗಳು ಸುಳ್ಯ, ಪುತ್ತೂರು, ಕಡಬದ ಹಳ್ಳಿಗಳಿಗೆ ಹಿಂತಿರುಗಿದವು. ಪೇಟೆಯ ಮಕ್ಕಳು ಅಜ್ಜನ ಮನೆಯ ಕುಚ್ಚಲಕ್ಕಿಯ ಗಂಜಿಗೂ ತೋಟದ ಇಂಬಳಕ್ಕೂ ಒಗ್ಗಿಕೊಂಡರು. ಶಾಲೆಯ ಪಾಠವು ಮೊಬೈಲಿನಲ್ಲಿ ಬರುತ್ತಿದ್ದದರಿಂದ ಹಳ್ಳಿಯ ಮಕ್ಕಳೆಲ್ಲಾ ಸಿಗ್ನಲ್ ಸಿಕ್ಕುವ ಗುಡ್ಡವನ್ನು ಹುಡುಕುತ್ತಾ ಹೋದರು. ೨೦೨೧ರ ಜೂನಿನ ಮಳೆಯಲ್ಲಿ ಗುತ್ತಿಗಾರಿನ ಬಳ್ಳಕದಲ್ಲಿ ರಸ್ತೆಯ ಬದಿಯಲ್ಲಿ ಕೂತು ಪಾಠ ಕೇಳುವ ಹುಡುಗಿಗೆ ತಂದೆಯು ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ದೇಶವೆಲ್ಲಾ ನೋಡಿತು. ಆ ಹುಡುಗಿಗೆ ಕೊಡೆಯೂ ಇತ್ತು, ಹಿಡಿಯುವ ಕೈಯೂ ಇತ್ತು.

ಆ ಕೈ ದೂರವಾಗಿರುವ ಮಕ್ಕಳು ಈ ಹೊತ್ತು ನಮ್ಮ ಮನೆಗಳಲ್ಲಿಯೂ ವಸತಿಶಾಲೆಗಳಲ್ಲಿಯೂ ಇದ್ದಾರೆ. ಇಬ್ಬರು ಮಕ್ಕಳು ಬಂದರೆ ಒಬ್ಬನನ್ನು ದೊಡ್ಡಪ್ಪನ ಮನೆಗೂ ಒಬ್ಬಳನ್ನು ಚಿಕ್ಕಪ್ಪನ ಮನೆಗೂ ಹಂಚುವದಕ್ಕಿಂತ ಇಬ್ಬರಿಗೂ ಒಂದೇ ಚಾಪೆ ಹಾಸುವದು ಮೇಲು. ಮನೆಯ ಮಕ್ಕಳಿಗೆ ಮೀನಿನ ಸಾರು, ಬಂದ ಮಗುವಿಗೆ ಚಟ್ನಿ ಎಂದು ಮಾಡಿದರೆ ಅದು ಬಾಯಿ ಬಿಡದೆ ನೋಡುವದು, ಮುಪ್ಪಿನ ವರೆಗೂ ಮರೆಯದು. ತುಳುವೋ ಅರೆಗನ್ನಡವೋ ಕೊಂಕಣಿಯೋ, ತಾಯಿಯ ಭಾಷೆಯಲ್ಲಿ ದಿನಕ್ಕೆ ಎರಡು ಮಾತು ಆಡುವವರು ಒಬ್ಬರಾದರೂ ಇದ್ದಾರೋ ಎಂದು ಮನೆಯವರು ನೋಡಲಿ. ಕಳುಹಿಸುವ ತಾಯಂದಿರಿಗೆ ನಾವು ಹೇಳುವದೇನಂದರೆ, ಮಗು ನಿದ್ರೆ ಮಾಡುವಾಗ ಕಳ್ಳರಂತೆ ಎದ್ದು ಹೋಗಬೇಡಿರಿ. ಹೋಗುತ್ತೇನೆಂದು ಹೇಳಿ, ಯಾವ ದಿವಸ ಬರುತ್ತೇನೆಂದು ಹೇಳಿ, ಆ ದಿವಸ ಬನ್ನಿರಿ. ಎರಡು ದಿವಸ ಜೊತೆಯಲ್ಲಿದ್ದು ಹೊಸ ಮನೆಯ ಬಚ್ಚಲನ್ನೂ ಬಾವಿಯನ್ನೂ ತೋರಿಸಿ ಹೊರಟರೆ ಇನ್ನೂ ಒಳ್ಳೇದು. ಹಾಂಪ್‌ಸ್ಟೆಡ್ಡಿನವರೂ ಅಗಲಿಕೆಯನ್ನು ಮೆಲ್ಲಮೆಲ್ಲಗೆ ಮಾಡಬೇಕೆಂದು ಕಂಡುಕೊಂಡರು.

ಇನ್ನೊಂದು ದೂರನ್ನು ನಾವು ಆಗಾಗ್ಗೆ ಕೇಳುತ್ತೇವೆ. ತಾಯಿಯ ಫೋನು ಬಂದ ದಿವಸ ಮಗುವು ಊಟ ಬಿಟ್ಟು ಅಳುವದು, ಮರುದಿನ ಶಾಲೆಯಲ್ಲಿ ಗಮನವಿಡದು. ಆದಕಾರಣ ಫೋನು ಮಾಡದಿರುವದೇ ಒಳ್ಳೇದೆಂದು ಅಜ್ಜಿಯರು ಹೇಳುವರು. ಬ್ರಿಟನಿನ ಹಳ್ಳಿಗಳಲ್ಲಿಯೂ ತಾಯಿಯು ಬಂದು ಹೋದರೆ ಮಗುವಿನ ಮನಸ್ಸು ಕದಡುವದೆಂದು ಬರಬೇಡಿರೆಂದವರಿದ್ದರು. ಹಾಂಪ್‌ಸ್ಟೆಡ್ಡಿನ ಶಿಶುಗೃಹಗಳಲ್ಲಿ ಮಕ್ಕಳು ಹಾಗೆಯೇ ಅತ್ತರು. ದಾದಿಯರಿಗೆ ಅದರಿಂದ ಕೆಲಸವು ಹೆಚ್ಚಾಯಿತು. ಆದಾಗ್ಯೂ ಅನ್ನಾ ಫ್ರಾಯ್ಡರು ಭೇಟಿಗೆ ದಿವಸವನ್ನೂ ಗಂಟೆಯನ್ನೂ ಗೊತ್ತುಮಾಡಲಿಲ್ಲ. ಕೆಲಸ ಬಿಟ್ಟ ತಾಯಂದಿರು ಯಾವ ಹೊತ್ತಿಗೆ ಬಂದರೂ ಅವರನ್ನು ಒಳಗೆ ಬಿಟ್ಟರು.